ಡ್ರೈವರನ ತಟ್ಟೆ

ಐದು ವಾರಗಳಿಂದ ಮನೆಯಲ್ಲಿ ಎಣ್ಣೆ ಕಡಿಮೆ, ಉಪ್ಪು ಕಡಿಮೆ, ಸಕ್ಕರೆಯಂತೂ ಇಲ್ಲವೇ ಇಲ್ಲ. ಇಷ್ಟಾದರೂ ಆ ಸಂಜೆ ಗಂಡನ ಬೆರಳು ಚುಚ್ಚಿ ತೆಗೆದ ಒಂದು ಹನಿ ರಕ್ತ ಸಕ್ಕರೆ ಯಂತ್ರದಲ್ಲಿ ಇನ್ನೂರ ಎಂಬತ್ತು ತೋರಿಸಿದಾಗ ಪರದೆಯಮ್ಮ ಮೊದಲು ಯಂತ್ರವನ್ನು ಬೈದಳು, ಆಮೇಲೆ ಯಂತ್ರ ಮಾಡಿದವನನ್ನು ಬೈದಳು, ಕೊನೆಗೆ ಬೈಯಬೇಕಾದವರ ಕಡೆಗೇ ತಿರುಗಿದಳು.

"ಮಧ್ಯಾಹ್ನ ಏನು ತಿಂದ್ರಿ?"

"ನೀನು ಬರೆದುಕೊಟ್ಟಿದ್ದನ್ನೇ ತಿಂದೆ," ಎಂದ ಗಂಡ, ಚುಚ್ಚಿದ ಬೆರಳನ್ನು ಒತ್ತಿ ಹಿಡಿದುಕೊಂಡು.

"ನಿಜ ಹೇಳಿ."

"ನಿಜಾನೇ. ಅನ್ನ ಮುಟ್ಟಿಲ್ಲ. ಸಿಹಿತಿಂಡಿ ಮುಟ್ಟಿಲ್ಲ. ಕರಿದದ್ದರ ಕಡೆ ತಿರುಗಿ ಕೂಡ ನೋಡಿಲ್ಲ. ಸೊಪ್ಪು, ಬೇಳೆ, ಮೊಸರು. ಅಷ್ಟೇ. ಬೇಕಿದ್ರೆ ರೇಡಿಯೋನ ಕೇಳು."

ರೇಡಿಯೋ ಎಂದರೆ ಅವನ ಬಸ್ಸಿನ ಕಂಡಕ್ಟರು. ಬಾಯಿಗೆ ಬಿಡುವೇ ಕೊಡದ ಆಸಾಮಿಯಾದ್ದರಿಂದ ಡಿಪೋದವರೆಲ್ಲ ಸೇರಿ ಇಟ್ಟ ಹೆಸರು. ಪರದೆಯಮ್ಮನಿಗೂ ಹೆಸರು ಬಂದದ್ದು ಕೆಲಸದಿಂದಲೇ. ಪರದೆ, ದಿಂಬಿನ ಚೀಲ ಹೊಲಿದುಕೊಡುವ ಅಂಗಡಿಯಲ್ಲಿ ಹದಿನಾರು ವರ್ಷದಿಂದ ಮಿಷನ್ ತುಳಿಯುತ್ತಿದ್ದಳು. ಅವರಿದ್ದ ನಾಲ್ಕು ಮಹಡಿಯ ಕಟ್ಟಡದಲ್ಲಿ ಅವಳು ಹೊಲಿದ ಪರದೆ ಇಲ್ಲದ ಕಿಟಕಿಯೇ ಇರಲಿಲ್ಲ. ಅವಳ ಮನೆಯ ಅಡುಗೆಕೋಣೆಯ ಕಿಟಕಿಗೆ ಮಾತ್ರ ಇನ್ನೂ ಹಳೆಯ ಟವೆಲು.

ಗಂಡ ದೂರದೂರಿನ ಬಸ್ಸು ಓಡಿಸುತ್ತಿದ್ದ. ಬೆಳಿಗ್ಗೆ ಆರಕ್ಕೆ ಹೊರಟು, ಅತ್ತಲ ಊರು ಮುಟ್ಟಿ, ಸಂಜೆ ಐದಕ್ಕೆ ವಾಪಸು. ಇಪ್ಪತ್ತೆರಡು ವರ್ಷದಲ್ಲಿ ಒಂದು ಅಪಘಾತವಿಲ್ಲ. ಆದರೆ ಈ ವರ್ಷದ ತಪಾಸಣೆಯಲ್ಲಿ ಡಿಪೋದ ಡಾಕ್ಟರಮ್ಮ ಮೂರು ತಿಂಗಳ ಸಕ್ಕರೆಯ ಸರಾಸರಿ ಶೇಕಡಾ ಒಂಬತ್ತೂವರೆ ಎಂದು ಬರೆದು, ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆದಿದ್ದಳು. ಹತ್ತು ವಾರದೊಳಗೆ ಅದು ಎಂಟಕ್ಕಿಂತ ಕೆಳಗಿಳಿಯಬೇಕು. ಇಳಿಯದಿದ್ದರೆ ಸ್ಟಿಯರಿಂಗ್ ಬಿಟ್ಟು ಪಾರ್ಸೆಲ್ ಕೋಣೆಯಲ್ಲಿ ಮೂಟೆಗಳಿಗೆ ಚೀಟಿ ಅಂಟಿಸಬೇಕು. ಆ ಹತ್ತರಲ್ಲಿ ಐದು ವಾರ ಆಗಲೇ ಕೈಜಾರಿ ಹೋಗಿತ್ತು.

"ನನ್ನ ಮಗನ್ನ ಒಣಗಿಸಿ ಇಟ್ಟಿದ್ದೀಯ. ಸಕ್ಕರೆ ಇಳಿಯೋದಿರಲಿ, ಮನುಷ್ಯನೇ ಇಳಿದು ಹೋಗ್ತಿದ್ದಾನೆ," ಎಂದರು ಅತ್ತೆ, ಒಳಗಿನಿಂದಲೇ. ಅವರಿಗೆ ಕಣ್ಣು ಮಂಜಾದರೂ ಕಿವಿ ಚುರುಕು.

"ಎಲ್ಲಿ ಇಳಿದಿದ್ದಾರೆ ಅತ್ತೆ? ಮೊನ್ನೆ ಪ್ಯಾಂಟಿನ ಸೊಂಟ ಬಿಚ್ಚಿ ದೊಡ್ಡದು ಮಾಡಿದ್ದು ನಾನೇ ತಾನೆ?"

"ಬಟ್ಟೆ ಒಗೆದಾಗ ಚಿಕ್ಕದಾಗಿರುತ್ತೆ."

ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಫೋನಿನಿಂದ ತಲೆ ಎತ್ತಿದಳು. "ಅಮ್ಮಾ, ಹೋಟೆಲಲ್ಲಿ ಅವರು ಏನು ಹಾಕ್ತಾರೆ ಅಂತ ನೀನು ಯಾವತ್ತಾದ್ರೂ ನೋಡಿದ್ದೀಯಾ?"

"ಸೊಪ್ಪು ಎಲ್ಲಿದ್ರೂ ಸೊಪ್ಪೇ ಕಣೆ," ಎಂದಳು ಪರದೆಯಮ್ಮ. ಈ ಮಾತನ್ನು ಅವಳು ಆಮೇಲೆ ತುಂಬ ಸಲ ನೆನೆಸಿಕೊಂಡು ತನ್ನನ್ನೇ ಬೈದುಕೊಂಡಳು.

ವಾಪಸು ಬರುವ ದಾರಿಯಲ್ಲಿ, ಮಧ್ಯಾಹ್ನ ಒಂದೂವರೆಗೆ ಆ ಬಸ್ಸು ಹೆದ್ದಾರಿ ಪಕ್ಕದ ಒಂದು ಇಂಡಿಯನ್ ರೆಸ್ಟೋರೆಂಟಿನ ಮುಂದೆ ಮುಕ್ಕಾಲು ಗಂಟೆ ನಿಲ್ಲುತ್ತಿತ್ತು. ನಲವತ್ತು ಜನ ಇಳಿದು ಊಟ ಮಾಡುತ್ತಿದ್ದರು. ಇಷ್ಟು ಗಿರಾಕಿಗಳನ್ನು ತಂದು ಬಾಗಿಲಿಗೆ ಬಿಡುವವನಿಗೆ ಊಟ ಪುಕ್ಕಟೆ. ಇದು ಆ ರಸ್ತೆಯಲ್ಲಿ ಎಲ್ಲ ಬಸ್ಸಿಗೂ ನಡೆದುಬಂದ ಪದ್ಧತಿ. ಗಲ್ಲಾದ ಪಕ್ಕದಲ್ಲಿ ಫ್ಯಾನಿನ ಕೆಳಗೆ ಡ್ರೈವರನಿಗೆಂದೇ ಒಂದು ಮೇಜು. ಯಾರಿಗೆ ಬಡಿಸಲಿ ಬಿಡಲಿ, ಅವನ ತಟ್ಟೆ ಮೊದಲು ಬರಬೇಕು.

ಮೊದಲ ಎರಡು ವಾರ ಪರದೆಯಮ್ಮ ಡಬ್ಬಿ ಕಟ್ಟಿ ಕಳಿಸಿದ್ದಳು. ಅದರಿಂದ ರೆಸ್ಟೋರೆಂಟಿನ ಮಾಲೀಕ ಮುಖ ಊದಿಸಿಕೊಂಡ. ಡ್ರೈವರನೇ ನಮ್ಮಲ್ಲಿ ತಿನ್ನದೆ ಡಬ್ಬಿ ಬಿಚ್ಚಿದರೆ ಪ್ರಯಾಣಿಕರು ಏನೆಂದುಕೊಳ್ಳಬೇಕು ಎಂದು ಕೇಳಿದನಂತೆ. ಅಂದಿನಿಂದ ಡಬ್ಬಿ ರೇಡಿಯೋನ ಹೊಟ್ಟೆಗೆ ಹೋಯಿತು. ಅದು ಗೊತ್ತಾದ ಮೇಲೆ ಪರದೆಯಮ್ಮ ಅಂಗಡಿಯ ಅಳತೆ ಚೀಟಿಯ ಹಿಂದೆ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟಳು: ಅನ್ನ ಬೇಡ, ಸಿಹಿತಿಂಡಿ ಬೇಡ, ಕರಿದದ್ದು ಬೇಡ. ಸೊಪ್ಪು ಕೊಡಿ, ಬೇಳೆ ಕೊಡಿ, ಮೊಸರು ಕೊಡಿ. ಚೀಟಿಯನ್ನು ನೇರವಾಗಿ ಅಡುಗೆಯವನ ಕೈಗೇ ಕೊಡಬೇಕೆಂದು ರೇಡಿಯೋಗೆ ತಾಕೀತು ಮಾಡಿದ್ದಳು.

ಇನ್ನೂರ ಎಂಬತ್ತರ ಮಾರನೆಯ ದಿನ ಅವಳು ಅಂಗಡಿಗೆ ರಜೆ ಹೇಳಿದಳು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಬೇರೆ ಕಂಪನಿಯ ಬಸ್ಸು ಹತ್ತಿ, ಒಂದು ಗಂಟೆಗೆಲ್ಲ ರೆಸ್ಟೋರೆಂಟಿನಲ್ಲಿ ಇಳಿದು, ಕಂಬದ ಹಿಂದಿನ ಮೇಜಿನಲ್ಲಿ ಒಂದು ಚಹಾ ತರಿಸಿಕೊಂಡು ಕೂತಳು. ಮದುವೆಯಾಗಿ ಇಪ್ಪತ್ತೈದು ವರ್ಷಕ್ಕೆ ಗಂಡನ ಮೇಲೆ ಪತ್ತೇದಾರಿಕೆ ಮಾಡುವ ಗತಿ ಬಂತಲ್ಲ ಎಂದು ಅವಳಿಗೆ ನಗುವೂ ಬಂತು, ರೇಗಿಯೂ ಹೋಯಿತು.

ಬಸ್ಸು ಸರಿಯಾದ ಸಮಯಕ್ಕೆ ಬಂತು. ಡ್ರೈವರ್ ಸಾಹೇಬರು ಕೈ ತೊಳೆದು, ಕೂದಲು ನೀವಿಕೊಂಡು, ತಮ್ಮ ಮೇಜಿಗೆ ಬಂದು ಕೂತರು. ಮನೆಯಲ್ಲಿ ಬಾಗಿದ ಬೆನ್ನಿನಲ್ಲಿ ಕೂರುವ ಮನುಷ್ಯ ಇಲ್ಲಿ ನೆಟ್ಟಗೆ ಕೂತದ್ದನ್ನು ಪರದೆಯಮ್ಮ ಗಮನಿಸಿದಳು. ಮಾಲೀಕ ಗಲ್ಲಾ ಬಿಟ್ಟು ಎದ್ದು ಬಂದ.

"ಸಾಹೇಬರ ಆರೋಗ್ಯದ ಊಟ ತನ್ನಿ," ಎಂದು ಕೂಗಿದ.

ತಟ್ಟೆ ಬಂತು. ಪಾಲಕ್ ಪನೀರಿನ ಬಟ್ಟಲು, ಮೇಲೆ ಸುರುಳಿ ಸುರುಳಿಯಾಗಿ ಕೆನೆ. ಬೇಳೆಯ ಬಟ್ಟಲು, ನಡುವೆ ನಿಂಬೆಹಣ್ಣಿನ ಗಾತ್ರದ ಬೆಣ್ಣೆ ಕರಗುತ್ತಿತ್ತು. ಬೆಣ್ಣೆ ಸವರಿ ಫಳಫಳ ಹೊಳೆಯುವ ನಾಲ್ಕು ನಾನ್. ಅಂಗೈಯಗಲದ ಗ್ಲಾಸಿನಲ್ಲಿ ನೊರೆ ಲಸ್ಸಿ. ಪಕ್ಕದ ಮೇಜಿನ ದಂಪತಿ ಅದನ್ನೇ ನೋಡಿ, "ನಮಗೂ ಆ ಆರೋಗ್ಯದ ಊಟಾನೇ ಕೊಡಿ," ಎಂದರು.

ಪರದೆಯಮ್ಮ ಎದ್ದು ಬಂದು ಗಂಡನ ಎದುರಿನ ಕುರ್ಚಿ ಎಳೆದುಕೊಂಡಳು. ಅವನ ಕೈಯಲ್ಲಿದ್ದ ನಾನ್ ತುಂಡು ಬಟ್ಟಲಲ್ಲೇ ಉಳಿಯಿತು.

"ನೀನು ಇಲ್ಲಿ? ಮನೇಲಿ ಎಲ್ಲ ಸರಿಯಿದೆ ತಾನೆ?"

"ಮನೇಲಿ ಎಲ್ಲ ಸರಿ ಇದೆ. ಇಲ್ಲೇ ಸರಿ ಇಲ್ಲ. ಏನಿದು?"

"ಸೊಪ್ಪು," ಎಂದ ಅವನು. ಮುಖದಲ್ಲಿ ಕಳ್ಳತನದ ಸುಳಿವೇ ಇರಲಿಲ್ಲ. ಅದೇ ಅವಳ ಮೈ ಉರಿಸಿತು.

ಮಾಲೀಕ ಕೈ ಜೋಡಿಸಿ ಬಂದ. "ಅಮ್ಮಾ, ನೀವೇನಾ ಚೀಟಿ ಬರೆದವರು? ನೋಡಿ ಇಲ್ಲಿ, ಹಾಳಾಗಬಾರದು ಅಂತ ಪ್ಲಾಸ್ಟಿಕ್ ಹಾಕಿಸಿದ್ದೀನಿ." ನಿಜವಾಗಿಯೂ ಅಡುಗೆಕೋಣೆಯ ಕಿಂಡಿಯ ಮೇಲೆ ಅವಳ ಕೈಬರಹ ಹೊಳೆಯುತ್ತ ನೇತಾಡುತ್ತಿತ್ತು. "ಒಂದಕ್ಷರ ಮೀರಿಲ್ಲ. ಬೇರೆ ಡ್ರೈವರುಗಳೂ ಇದನ್ನೇ ಕೇಳ್ತಿದ್ದಾರೆ."

"ಈ ಸೊಪ್ಪಿಗೆ ಏನು ಹಾಕ್ತೀರಾ?"

ಕಿಂಡಿಯಿಂದ ಅಡುಗೆಯವನ ತಲೆ ಹೊರಗೆ ಬಂತು. "ಕೆನೆ ಎರಡು ಸೌಟು, ಬೆಣ್ಣೆ ಒಂದು ಸೌಟು. ಇಲ್ಲಾಂದ್ರೆ ಸೊಪ್ಪಿನ ವಾಸನೆ ಬರುತ್ತಮ್ಮ."

"ಸೊಪ್ಪಿಗೆ ಸೊಪ್ಪಿನ ವಾಸನೆ ಬರದೆ ಇನ್ನೇನು ಬರಬೇಕು? ಈ ನಾನ್? ಇದು ಮೈದಾ ತಾನೆ?"

"ನೀವು ಅನ್ನ ಬೇಡ ಅಂದ್ರಿ. ಮೈದಾ ಬೇಡ ಅಂತ ಎಲ್ಲೂ ಬರೆದಿಲ್ಲ," ಎಂದ ಮಾಲೀಕ, ಚೀಟಿಯನ್ನು ಮತ್ತೊಮ್ಮೆ ಓದಿ ಖಚಿತ ಮಾಡಿಕೊಂಡು. "ಅನ್ನ ಇಲ್ಲದೆ ಹೊಟ್ಟೆ ತುಂಬಬೇಕಲ್ಲ, ಅದಕ್ಕೇ ಎರಡಿದ್ದದ್ದು ನಾಲ್ಕು ಮಾಡಿದ್ವಿ."

"ಲಸ್ಸಿಗೆ ಸಕ್ಕರೆ?"

"ಮೂರೇ ಚಮಚ. ಸಿಹಿತಿಂಡಿ ಒಂದೂ ಕೊಟ್ಟಿಲ್ಲ, ನಂಬಿ. ಮೊದಲೆಲ್ಲ ಸಾಹೇಬರು ದಿನಾ ಎರಡು ಜಾಮೂನು ತಿಂತಿದ್ರು. ಬಿಡಿಸಿಬಿಟ್ಟಿದ್ದೀವಿ."

ಪರದೆಯಮ್ಮ ತಲೆ ಹಿಡಿದುಕೊಂಡಳು. ಯಾರ ಮೇಲೆ ರೇಗಬೇಕೋ ತಿಳಿಯಲಿಲ್ಲ. ಮೋಸ ಮಾಡಿದ್ದರೆ ಹಿಡಿದು ಜಾಡಿಸಬಹುದಿತ್ತು. ಇಲ್ಲಿ ಎಲ್ಲರೂ ಅವಳ ಮಾತನ್ನು ಕಣ್ಣಿಗೊತ್ತಿಕೊಂಡು ಪಾಲಿಸಿದ್ದರು. ವರ್ಷಕ್ಕೆ ಎರಡು ಸಲ ಹೋಟೆಲಿನ ಮೆಟ್ಟಿಲು ಹತ್ತುವ ಅವಳು, ಮನೆಯ ಬಾಣಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಟೆಲಿಗೆ ಚೀಟಿ ಬರೆದಿದ್ದಳು. ತಪ್ಪು ಅವಳದೇ, ಮತ್ತು ಅದನ್ನು ಒಪ್ಪಿಕೊಳ್ಳುವಷ್ಟು ತಾಳ್ಮೆ ಆ ಹೊತ್ತಿಗೆ ಅವಳಲ್ಲಿ ಉಳಿದಿರಲಿಲ್ಲ.

ಕೇಳದೆಯೇ ಅಡುಗೆಕೋಣೆಗೆ ನುಗ್ಗಿದಳು. ಒಲೆಗಳ ಮೇಲೆ ಕೆಂಪು, ಹಸಿರು, ಹಳದಿ ಗ್ರೇವಿಗಳು. ಎಲ್ಲದರ ಮೇಲೂ ಬೆರಳು ದಪ್ಪ ಎಣ್ಣೆ. ಮೂಲೆಯಲ್ಲಿ ಒಂದು ನೆಗ್ಗಿದ ಪಾತ್ರೆಯಲ್ಲಿ ತೆಳ್ಳಗಿನ ಬೇಳೆ, ಪಕ್ಕದಲ್ಲಿ ಹೂಕೋಸು ಬೀನ್ಸಿನ ಒಣ ಪಲ್ಯ, ಬಟ್ಟೆ ಮುಚ್ಚಿದ ಗೋಧಿ ರೊಟ್ಟಿಗಳು, ಹೆಚ್ಚಿಟ್ಟ ಸೌತೆಕಾಯಿ, ಈರುಳ್ಳಿ.

"ಇದು ಯಾರಿಗೆ?"

"ನಮಗೆ. ಕೆಲಸದವರ ಪಾತ್ರೆ ಅದು."

"ನೀವ್ಯಾಕೆ ಅದನ್ನ ತಿನ್ನಲ್ಲ?" ಎಂದು ಗ್ರೇವಿಗಳ ಕಡೆ ಬೆರಳು ತೋರಿಸಿದಳು.

"ದಿನಾ ಅದನ್ನ ತಿಂದ್ರೆ ನಾವು ಉಳೀತೀವಾ ಅಮ್ಮ? ಅದು ಯಾವತ್ತೋ ಒಂದು ದಿನ ಬರೋರಿಗೆ," ಎಂದ ಅಡುಗೆಯವನು.

ನನ್ನ ಗಂಡ ಇಲ್ಲಿಗೆ ವಾರಕ್ಕೆ ಆರು ದಿನ ಬರುತ್ತಾನಪ್ಪ ಎಂದು ಅವಳು ಹೇಳಿದಾಗ ಅವನು ಸೌಟು ಕೆಳಗಿಟ್ಟ. ಹದಿಮೂರು ವರ್ಷದಿಂದ ಬಡಿಸುತ್ತಿದ್ದರೂ ಆ ಲೆಕ್ಕ ಅವನಿಗೆ ಹೊಳೆದಿರಲಿಲ್ಲ.

ಹೊರಗೆ ಬಂದು ಪರದೆಯಮ್ಮ ಹೇಳಿದಳು. "ನಾಳೆಯಿಂದ ಇವರಿಗೆ ಕೆಲಸದವರ ಪಾತ್ರೆಯಿಂದ ಬಡಿಸಿ. ಬೆಣ್ಣೆ ಹಚ್ಚದ ರೊಟ್ಟಿ ಎರಡು, ಪಲ್ಯ, ಹಸಿ ತರಕಾರಿ, ಸಕ್ಕರೆ ಹಾಕದ ಮೊಸರು. ಬೇಕಾದ್ರೆ ತಂದೂರಿನಲ್ಲಿ ಸುಟ್ಟ ಪನೀರ್ ಕೊಡಿ, ಗ್ರೇವಿ ಬೇಡ."

ಮಾಲೀಕನ ಮುಖ ಚಿಕ್ಕದಾಯಿತು. "ಕೊಡೋಕೆ ತೊಂದರೆ ಇಲ್ಲಮ್ಮ. ಆದ್ರೆ ಈ ಮೇಜಿನ ಮೇಲೆ ಅದನ್ನ ಇಟ್ರೆ ನನ್ನ ವ್ಯಾಪಾರ ಏನಾಗಬೇಕು? ಜನ ಡ್ರೈವರ ತಟ್ಟೆ ನೋಡೇ ಆರ್ಡರ್ ಮಾಡ್ತಾರೆ. ಒಳಗೆ ಕೆಲಸದವರ ಜೊತೆ ಕೂತು ಉಣ್ಣೋದಾದ್ರೆ ನನ್ನದೇನೂ ಅಭ್ಯಂತರ ಇಲ್ಲ."

"ಒಳಗೆ ಕೂರಲ್ಲ," ಎಂದ ಗಂಡ. ಅವನ ಕಿವಿ ಕೆಂಪಾಗಿತ್ತು. "ಹಿತ್ತಲಲ್ಲಿ ಬಕೆಟ್ ಪಕ್ಕ ಕೂತು ಉಣ್ಣೋಕೆ ನಾನೇನು ತಪ್ಪು ಮಾಡಿದ್ದೀನಾ? ಇಡೀ ದಿನದಲ್ಲಿ ನಾನು ಮನುಷ್ಯ ಅಂತ ಒಬ್ಬರಾದ್ರೂ ಎದ್ದು ನಿಲ್ಲೋದು ಈ ಮೇಜಿನ ಹತ್ತಿರ ಮಾತ್ರ. ಡಿಪೋದಲ್ಲಿ ಬೈಗುಳ, ಮನೇಲಿ ಸೂಜಿ."

"ಹಾಗಂತ ಬೆಣ್ಣೆ ತಿಂದು ಪಾರ್ಸೆಲ್ ಕೋಣೆ ಸೇರ್ತೀರಾ?"

ಅವನು ಅವಳ ಕಣ್ಣೆದುರಿಗೇ ನಾಲ್ಕನೆಯ ನಾನ್ ಮುರಿದು, ಬಟ್ಟಲು ಬಳಿದು, ಲಸ್ಸಿಯ ಕೊನೆಯ ನೊರೆಯವರೆಗೂ ಕುಡಿದು ಎದ್ದ. ಹಟಕ್ಕೆ ತಿಂದ ಊಟ ಅದು.

ವಾಪಸು ಅದೇ ಬಸ್ಸಿನಲ್ಲಿ ಪರದೆಯಮ್ಮ ಡ್ರೈವರನ ಹಿಂದಿನ ಮೊದಲ ಸೀಟಿನಲ್ಲಿ ಕೂತಳು. ಬಸ್ಸು ಹೊರಟ ಕೂಡಲೇ ರೇಡಿಯೋ ಡ್ರೈವರನ ಪಕ್ಕದ ಕಂಬಿ ಹಿಡಿದು ನಿಂತು ಶುರು ಮಾಡಿದ.

"ಅಣ್ಣಾ, ಮುಂದಿನ ಸೇತುವೆಗೆ ಎಷ್ಟು ಕಂಬ?"

"ಹನ್ನೆರಡು."

"ನಿನ್ನೆ ಹದಿನಾಲ್ಕು ಅಂದೆ. ಎಣಿಸಿ ಹೇಳು. ಬಂತು ನೋಡು ಸೇತುವೆ, ಎಣಿಸು. ಆ ನೀಲಿ ಲಾರಿ ಹಿಂದೆ ಏನು ಬರೆದಿದೆ, ಓದು. ಜೋರಾಗಿ ಓದು, ನಂಗೆ ಕೇಳಿಸ್ತಿಲ್ಲ."

ಇವನ ಬಾಯಿಗೆ ಬೀಗ ಹಾಕುವವರು ಯಾರೂ ಇಲ್ಲವೇ ಎಂದು ಪರದೆಯಮ್ಮ ಹಲ್ಲು ಕಚ್ಚಿಕೊಂಡು ಕೂತಳು. ತಲೆ ಮೊದಲೇ ಸಿಡಿಯುತ್ತಿತ್ತು. ಹಿಂದೆ ಊಟ ಮಾಡಿದ ನಲವತ್ತು ಜನ ಒಬ್ಬರ ಭುಜಕ್ಕೊಬ್ಬರು ಒರಗಿ ನಿದ್ದೆ ಹೋಗಿದ್ದರು. ಅಷ್ಟರಲ್ಲಿ ಕೊನೆಯ ಸಾಲಿನಲ್ಲಿ ಯಾರದೋ ಪೆಟ್ಟಿಗೆ ಯಾರದೋ ಕಾಲ ಮೇಲೆ ಬಿದ್ದು ಗಲಾಟೆ ಎದ್ದಿತು. ರೇಡಿಯೋ ಒಂದು ಕ್ಷಣ ಹಿಂದೆ ಮುಂದೆ ನೋಡಿ, "ಅಣ್ಣಾ, ಬಂದೆ, ನೂರರಿಂದ ಕೆಳಗೆ ಎಣಿಸ್ತಾ ಇರು," ಎಂದು ಓಡಿದ.

ಗಂಡ ತೊಂಬತ್ತೊಂದರವರೆಗೆ ಎಣಿಸಿದ. ಆಮೇಲೆ ದನಿ ನಿಂತಿತು. ಪರದೆಯಮ್ಮ ಮೇಲಿನ ಕನ್ನಡಿಯತ್ತ ನೋಡಿದಳು. ಅವನ ರೆಪ್ಪೆಗಳು ನಿಧಾನವಾಗಿ ಇಳಿದವು, ಮತ್ತೆ ಏಳಲಿಲ್ಲ. ಗದ್ದ ಎದೆಯ ಕಡೆ ಬಾಗಿತು. ಎಡಗಡೆ ಗಾಲಿಯ ಕೆಳಗೆ ರಸ್ತೆಯಂಚಿನ ಜಲ್ಲಿ ಕರಕರ ಸದ್ದು ಮಾಡಿತು. ಕೂಗಲು ಬಾಯಿ ತೆರೆದು ಅವಳು ಸೀಟಿನಿಂದ ಅರ್ಧ ಎದ್ದಳು.

ರೇಡಿಯೋ ಹಿಂದಿನಿಂದ ಓಡಿ ಬಂದು ಕಂಬಿಯ ಮೇಲೆ ಟಿಕೆಟ್ ಯಂತ್ರದಿಂದ ಬಡಿದ. ಗಂಡ ಕಣ್ಣು ಬಿಟ್ಟ, ಸ್ಟಿಯರಿಂಗ್ ಎಳೆದ. ಬಸ್ಸು ಓಲಾಡಿ ನೆಟ್ಟಗಾಯಿತು. ಒಬ್ಬಿಬ್ಬರು ಎಚ್ಚರಾಗಿ, ಏನೂ ಇಲ್ಲವೆಂದು ಮತ್ತೆ ಮಲಗಿದರು. ಅವನು ಕನ್ನಡಿ ನೋಡಿದ. ಕನ್ನಡಿಯಲ್ಲಿ ಅವಳಿದ್ದಳು. ಅಲ್ಲಿಂದ ಊರು ಮುಟ್ಟುವವರೆಗೆ ರೇಡಿಯೋ ಲಾರಿಗಳ ಹಿಂದಿನ ಬರಹ ಓದಿಸುತ್ತಲೇ ಇದ್ದ.

ಡಿಪೋದಲ್ಲಿ ಇಳಿದ ಮೇಲೆ ಅವಳು ರೇಡಿಯೋನನ್ನು ಪಕ್ಕಕ್ಕೆ ಕರೆದಳು. "ಎಷ್ಟು ದಿನದಿಂದ ಹೀಗೆ?"

ರೇಡಿಯೋ ಕಾಲ ಬೆರಳು ನೋಡಿಕೊಂಡ. "ಒಂದೂವರೆ ವರ್ಷ ಆಯ್ತಕ್ಕ. ಊಟ ಆದ್ಮೇಲೆ ಒಂದು ಗಂಟೆ ಮಾತ್ರ. ಆಮೇಲೆ ಸರಿಹೋಗ್ತಾರೆ. ಅದಕ್ಕೇ ಆ ಒಂದು ಗಂಟೆ ನಾನು ಬಾಯಿ ಮುಚ್ಚಲ್ಲ."

"ಯಾರಿಗೂ ಹೇಳ್ಲಿಲ್ವಾ?"

"ಹೇಳಿದ್ರೆ ಅವರ ಕೆಲಸ ಹೋಗುತ್ತಲ್ಲ. ಎಲ್ಲರೂ ನಂಗೆ ಮಾತಿನ ಚಟ ಅಂದ್ಕೊಂಡಿದ್ದಾರೆ. ಮನೆಗೆ ಹೋದ್ರೆ ನಂಗೆ ಮಾತಾಡೋಕೆ ಶಕ್ತಿನೇ ಇರಲ್ಲ ಅಕ್ಕ. ಹೆಂಡ್ತಿ ನನ್ನ ಮೂಗ ಅಂತಾಳೆ."

ಆ ಸಂಜೆಯ ಜಗಳಕ್ಕೆ ಕಟ್ಟಡದ ನಾಲ್ಕೂ ಮಹಡಿಯ ಪರದೆಗಳು ಸರಿದವು.

"ನಾಳೆಯಿಂದ ಆ ಮೇಜಲ್ಲಿ ಕೂತು ಉಂಡ್ರೆ ಡಿಪೋಗೆ ನಾನೇ ಹೋಗಿ ಹೇಳ್ತೀನಿ," ಎಂದಳು ಪರದೆಯಮ್ಮ. "ನನ್ನ ಗಂಡ ಬಸ್ಸು ಓಡಿಸ್ತಾ ನಿದ್ದೆ ಮಾಡ್ತಾನೆ, ಇಳಿಸಿ ಅಂತ."

"ಒಂದು ಸಲ ಕಣ್ಣು ಹತ್ತಿತು, ಅದನ್ನೇ ದೊಡ್ಡದು ಮಾಡ್ತೀಯ."

"ಒಂದೂವರೆ ವರ್ಷ. ಎಲ್ಲ ಕೇಳಿಕೊಂಡೇ ಬಂದಿದ್ದೀನಿ."

ಅತ್ತೆ ಗೋಡೆ ಹಿಡಿದುಕೊಂಡು ಹೊರಗೆ ಬಂದರು. "ಕಟ್ಟಿಕೊಂಡ ಗಂಡನ ಅನ್ನಕ್ಕೆ ಕಲ್ಲು ಹಾಕ್ತೀಯಾ? ಅವನು ಡ್ರೈವರು ಅನ್ನೋದಕ್ಕೇ ಈ ಬೀದೀಲಿ ನಮ್ಮನ್ನ ನಾಲ್ಕು ಜನ ಮಾತಾಡಿಸೋದು."

"ಅತ್ತೆ, ಬಸ್ಸು ಪಲ್ಟಿ ಹೊಡೆದ್ರೆ ನಲವತ್ತು ಮನೆಯವರು ಮಾತಾಡಿಸ್ತಾರೆ."

"ಕೆಟ್ಟದ್ದನ್ನ ಬಾಯಲ್ಲಿ ಆಡಬೇಡ."

"ಆಡಬಾರದು, ಸರಿ. ಇವರು ಕಣ್ಣು ಮುಚ್ಚಿ ಓಡಿಸಬಹುದು, ಅಲ್ವಾ?"

ಮಗಳು ನಡುವೆ ಬಂದು ಹೇಳಿದಳು. "ಅಪ್ಪ, ಒಳಗೆ ಕೂತು ತಿಂದ್ರೆ ಏನಾಗುತ್ತೆ? ನಾನು ಅಂಗಡೀಲಿ ದಿನಾ ಸ್ಟೋರ್ ರೂಮಲ್ಲಿ ಕೂತೇ ತಿನ್ನೋದು. ಗಿರಾಕಿಗಳ ಎದುರಿಗೆ ತಿಂದ್ರೆ ಯಜಮಾನರು ಬೈತಾರೆ. ನನ್ನ ಮರ್ಯಾದೆ ಏನು ಹೋಗಿದೆ?"

ಅವನು ಮಗಳ ಮುಖ ನೋಡಿದ. ಅವಳು ಎಲ್ಲಿ ಕೂತು ಊಟ ಮಾಡುತ್ತಾಳೆಂದು ಅವನು ಯಾವತ್ತೂ ಕೇಳಿರಲಿಲ್ಲ. ಎದ್ದು ಹೋಗಿ ಮಲಗಿದ.

ನಾಲ್ಕು ದಿನ ಗಂಡ ಹೆಂಡತಿ ಮಾತು ಬಿಟ್ಟರು. ಅವನಿಗೆ ನೀರು ಬೇಕಾದರೆ ಮಗಳಿಗೆ ಹೇಳುತ್ತಿದ್ದ. ಅವಳು ಬೆರಳು ಚುಚ್ಚಬೇಕಾದರೆ ಮಗಳ ಮೂಲಕ ಕೈ ಕೇಳುತ್ತಿದ್ದಳು. ಮೂರು ಅಡಿ ದೂರದಲ್ಲಿ ಕೂತವರ ನಡುವೆ ಅಂಚೆ ಹಂಚಿ ಹಂಚಿ ಮಗಳಿಗೆ ಸಾಕಾಯಿತು. "ನೀವಿಬ್ಬರೂ ಒಂದೊಂದು ಚೀಟಿ ಬರೆದುಕೊಂಡುಬಿಡಿ," ಎಂದು ರೇಗಿದಳು. ಚೀಟಿಯ ಮಾತೆತ್ತಿದರೆ ಪರದೆಯಮ್ಮನಿಗೆ ಮೈಮೇಲೆ ಕೆಂಡ ಸುರಿದಂತಾಗುತ್ತಿತ್ತು.

ಐದನೆಯ ದಿನ ಯಂತ್ರ ಇನ್ನೂರ ಹತ್ತು ತೋರಿಸಿತು. ಪರದೆಯಮ್ಮ ಎರಡನೆಯ ಸಲ ಚುಚ್ಚಿದಳು. ಇನ್ನೂರ ಐದು.

"ಒಳಗೆ ಕೂತಿದ್ರಾ?" ಎಂದಳು, ಮಾತು ಬಿಟ್ಟದ್ದನ್ನು ಮರೆತು.

"ಹೂಂ. ಎಣ್ಣೆ ಡಬ್ಬದ ಮೇಲೆ. ಡಬ್ಬ ಅಲ್ಲಾಡುತ್ತೆ." ಅಷ್ಟು ಹೇಳಿ ಮತ್ತೆ ಮುಖ ತಿರುಗಿಸಿದ.

ಉಳಿದದ್ದನ್ನು ಕೆಲವು ವಾರದ ಮೇಲೆ ರೇಡಿಯೋ ವರದಿ ಮಾಡಿದ. ಮೊದಲ ದಿನ ಎಲ್ಲರ ಎದುರು ತನ್ನ ಮೇಜು ದಾಟಿಕೊಂಡು ಹಿಂದೆ ಹೋಗುವಾಗ ಅಣ್ಣನ ಮುಖ ನೋಡಲಾಗಲಿಲ್ಲವಂತೆ. ಯಾರೋ ಹೆಂಗಸು, ಡ್ರೈವರು ಕೈ ತೊಳೆಯೋಕೆ ಹೋದ್ನೇನೋ ಅಂದಳಂತೆ. ಎರಡನೆಯ ವಾರಕ್ಕೆ ಮಾಲೀಕ ಆ ಮೇಜನ್ನು ಬೇರೆ ಕಂಪನಿಯ ಡ್ರೈವರನಿಗೆ ಕೊಟ್ಟುಬಿಟ್ಟ. ಅಂದು ಅಣ್ಣ ಅರ್ಧ ರೊಟ್ಟಿಗೇ ಎದ್ದನಂತೆ. ಈಗ ಊಟವಾದ ಮೇಲೆ ಬಸ್ಸಿಗೆ ಎಂಟು ಸುತ್ತು ನಡೆಯುತ್ತಾನೆ. ಟೈರಿಗೆ ಏನಾಗಿದೆ ಎಂದು ಪ್ರಯಾಣಿಕರು ಗಾಬರಿಯಾಗಿ ಇಳಿದು ನೋಡುತ್ತಾರೆ.

"ತೂಕಡಿಕೆ?"

"ಕಮ್ಮಿ ಆಗಿದೆ ಅಕ್ಕ. ಮೊನ್ನೆ ಒಂದು ಗಂಟೆ ಪೂರ್ತಿ ಅವರೇ ಮಾತಾಡಿದ್ರು. ಪಲ್ಯಕ್ಕೆ ಎಣ್ಣೆ ಹಾಕೋ ವಿಷಯ. ನಂಗೇ ನಿದ್ದೆ ಬಂತು."

ನಿಜ, ಆ ಕಾಟ ಮನೆಗೂ ಬಂದಿತ್ತು. ಅಡುಗೆಯವನ ಪಕ್ಕ ಕೂತು ಉಂಡು ಉಂಡು ಗಂಡನಿಗೆ ಅಡುಗೆಯ ಜ್ಞಾನ ಹುಟ್ಟಿತ್ತು. ಪರದೆಯಮ್ಮನ ಬೇಳೆಗೆ ಒಗ್ಗರಣೆ ಜಾಸ್ತಿಯಾಯಿತು ಎಂದ. ಚಪಾತಿಗೆ ಎಣ್ಣೆ ಯಾಕೆ ಎಂದ. ಒಂದು ಭಾನುವಾರ ಮಗಳು ಹಟ ಮಾಡಿ ಎಲ್ಲರನ್ನೂ ಹತ್ತಿರದ ಇಂಡಿಯನ್ ರೆಸ್ಟೋರೆಂಟಿಗೆ ಕರೆದುಕೊಂಡು ಹೋದರೆ, ಅಲ್ಲಿ ಮಾಣಿಯನ್ನು ಕಾಲು ಗಂಟೆ ನಿಲ್ಲಿಸಿಕೊಂಡು ವಿಚಾರಣೆ ಮಾಡಿದ. ಈ ಕುರ್ಮಾಗೆ ಗೋಡಂಬಿ ಅರೆದು ಹಾಕ್ತೀರಾ, ಕೆನೆ ಬಿಟ್ಟು ಮಾಡ್ತೀರಾ, ಬೆಣ್ಣೆ ಬೇರೆ ಬಟ್ಟಲಲ್ಲಿ ತರ್ತೀರಾ, ಬೆಣ್ಣೆ ತರೋದೇ ಬೇಡವಾ.

"ನನಗೆ ಪೂರಿ," ಎಂದರು ಅತ್ತೆ, ಮೆನು ಮುಟ್ಟದೆ.

"ಅಮ್ಮಾ, ಕರಿದದ್ದು."

"ನಾನೇನು ಬಸ್ಸು ಓಡಿಸ್ತೀನಾ?"

ಪೂರಿ ಬಂತು. ಅತ್ತೆ ಎರಡೂ ಪೂರಿ ತಿಂದರು, ಮಗನ ಸಪ್ಪೆ ತಟ್ಟೆಯತ್ತ ನೋಡಿ ಮೂಗು ಮುರಿದರು. ಪರದೆಯಮ್ಮ ಬಹಳ ದಿನಗಳ ಮೇಲೆ ನಕ್ಕಳು, ಆಮೇಲೆ ಗಂಡ ಅವಳ ತಟ್ಟೆಯ ಅನ್ನವನ್ನು ಅಳತೆ ಹಾಕುವಂತೆ ನೋಡುತ್ತಿದ್ದದ್ದು ಕಂಡು ಮತ್ತೆ ರೇಗಿದಳು.

ಹತ್ತನೆಯ ವಾರ ಮುಗಿದ ಸೋಮವಾರ ಇಬ್ಬರೂ ಡಿಪೋದ ಡಾಕ್ಟರಮ್ಮನ ಕೋಣೆಯಲ್ಲಿ ಕೂತರು. ಕಿರಿದಾದ ಕೋಣೆ. ತೂಕದ ಯಂತ್ರ, ಕಣ್ಣು ಪರೀಕ್ಷೆಯ ಅಕ್ಷರಗಳ ಹಲಗೆ, ಮೇಜಿನ ಮೇಲೆ ಫೈಲುಗಳು. ಡಾಕ್ಟರಮ್ಮ ಕಾಗದ ತಿರುವಿ ಕನ್ನಡಕ ಮೇಲೆ ಮಾಡಿದಳು.

"ಏಳು ಪಾಯಿಂಟ್ ಎಂಟು. ಪಾಸು. ಇಷ್ಟು ಬೇಗ ಇಳಿಸಿದವರು ಕಡಿಮೆ. ಏನು ಮಾಡಿದ್ರಿ?"

"ಹೋಟೆಲ್ ಕೆಲಸದವರ ಜೊತೆ ಊಟ ಮಾಡಿದೆ," ಎಂದ ಗಂಡ.

ಪರದೆಯಮ್ಮನಿಗೆ ಹತ್ತು ವಾರದ ಉಸಿರು ಈಗ ಹೊರಬಿದ್ದಂತಾಯಿತು. ಬ್ಯಾಗಿನ ಜಿಪ್ ಎಳೆದು ಏಳಲು ಸಿದ್ಧಳಾದಳು. ಡಾಕ್ಟರಮ್ಮ ಫಾರಮಿನ ಕೊನೆಯ ಪುಟಕ್ಕೆ ಬಂದು, ಎಲ್ಲರನ್ನೂ ಕೇಳುವಂತೆ ತಲೆ ಎತ್ತದೆ ಕೇಳಿದಳು.

"ಓಡಿಸುವಾಗ ಯಾವತ್ತಾದರೂ ತೂಕಡಿಕೆ ಬಂದಿದೆಯಾ?" ಪೆನ್ನು ಆಗಲೇ 'ಇಲ್ಲ' ಎಂಬ ಚೌಕದ ಮೇಲಿತ್ತು.

"ಬಂದಿದೆ," ಎಂದ ಅವನು.

ಪೆನ್ನು ನಿಂತಿತು. ಪರದೆಯಮ್ಮ ಮೇಜಿನ ಕೆಳಗಿಂದ ಅವನ ಕಾಲನ್ನು ತುಳಿದಳು. ಅವನು ಕಾಲು ಸರಿಸಿಕೊಂಡ.

"ಒಂದೂವರೆ ವರ್ಷ ಬರ್ತಿತ್ತು, ಊಟ ಆದ್ಮೇಲೆ. ಈಗ ಕಮ್ಮಿಯಾಗಿದೆ. ಪೂರ್ತಿ ಹೋಗಿದೆ ಅಂತ ಹೇಳೋಕೆ ನಂಗೆ ಧೈರ್ಯ ಇಲ್ಲ."

ಡಾಕ್ಟರಮ್ಮ ಬಹಳ ಹೊತ್ತು ಬರೆದಳು. ನಿದ್ದೆಯ ಪರೀಕ್ಷೆ ಆಗಬೇಕು, ಮೂರು ತಿಂಗಳು ಸ್ಟಿಯರಿಂಗ್ ಮುಟ್ಟುವಂತಿಲ್ಲ, ಅಲ್ಲಿಯವರೆಗೆ ಪಾರ್ಸೆಲ್ ಕೋಣೆ. ಬರೆದು ಮುಗಿಸಿ, "ಇದನ್ನ ಯಾರೂ ಹೇಳಲ್ಲ," ಎಂದಳು. ಹೊಗಳಿಕೆಯೋ ಅಲ್ಲವೋ ಗೊತ್ತಾಗುವಂತಿರಲಿಲ್ಲ.

ಹೊರಗಿನ ಬೆಂಚಿನ ಮೇಲೆ ಕೂತ ಕೂಡಲೇ ಪರದೆಯಮ್ಮ ಸಿಡಿದಳು. "ನಿಮಗೆ ಬುದ್ಧಿ ಇದೆಯಾ? ಇಲ್ಲ ಅಂತ ಒಂದು ಮಾತು ಹೇಳಿದ್ರೆ ಮುಗೀತಿತ್ತು. ಹತ್ತು ವಾರ ನಾನು ನಿಮ್ಮ ಹಿಂದೆ ಬಿದ್ದು ಸತ್ತಿದ್ದು ಇದಕ್ಕಾ? ನಂಬರ್ ಇಳಿದಿತ್ತಲ್ಲ."

"ನೀನೇ ಡಿಪೋಗೆ ಹೇಳ್ತೀನಿ ಅಂದಿದ್ದೆ."

"ಅದು ನಿಮ್ಮನ್ನ ಹೆದರಿಸೋಕೆ. ಇನ್ನು ಮನೇಲಿ ಅತ್ತೆಗೆ ಏನಂತ ಹೇಳ್ತೀರಾ? ಬೀದಿಯವರಿಗೆ?"

ಅವನು ಎದುರಿನ ಸಾಲಿನಲ್ಲಿ ನಿಂತಿದ್ದ ಬಸ್ಸುಗಳನ್ನು ನೋಡುತ್ತ ಕೂತಿದ್ದ.

"ನಿನ್ನ ಮಾತಿಗೆ ನಾನು ಹೆದರಲಿಲ್ಲ ಕಣೆ. ಅವತ್ತು ಕಣ್ಣು ಬಿಟ್ಟಾಗ ಕನ್ನಡೀಲಿ ನಿನ್ನ ಮುಖ ಕಾಣಿಸ್ತು. ಅಷ್ಟು ಬೆಳ್ಳಗಾಗಿದ್ದನ್ನ ನಾನು ಯಾವತ್ತೂ ನೋಡಿರಲಿಲ್ಲ. ಆ ಸೀಟಲ್ಲಿ ದಿನಾ ಯಾರೋ ಒಬ್ಬರು ಕೂತಿರ್ತಾರೆ. ಒಂದೂವರೆ ವರ್ಷ ನಾನು ಅವರ ಮುಖಾನೇ ನೋಡಿರಲಿಲ್ಲ."

ಪರದೆಯಮ್ಮ ಕಣ್ಣೊರೆಸಿಕೊಂಡು, ಅವನ ಕೈಯಲ್ಲಿದ್ದ ಕಾಗದ ಕಿತ್ತುಕೊಂಡು ತನ್ನ ಬ್ಯಾಗಿಗೆ ಹಾಕಿಕೊಂಡಳು.

"ನಡೀರಿ ಮನೆಗೆ," ಎಂದಳು. "ನೀವು ಬಾಯಿ ಬಿಡಬೇಡಿ. ಅತ್ತೆಗೆ ನಾನೇ ಹೇಳ್ತೀನಿ."